ಹಳೆಯ ಅಲ್ಯುಮಿನಿಯಂ ಸ್ಕೂಬಾ ಸಿಲಿಂಡರ್: ತುಂಬಿಸುವ ಮುನ್ನ ಓದಬೇಕಾದ ಭುಜದ ಬರಹ

ನೀರಿನಡಿ ಉಸಿರಾಡಲು ಗಾಳಿ ತುಂಬಿಸಿ ಬೆನ್ನಿಗೆ ಕಟ್ಟಿಕೊಳ್ಳುವ ಅಲ್ಯುಮಿನಿಯಂ ಸ್ಕೂಬಾ ಸಿಲಿಂಡರುಗಳು, 1970 ಮತ್ತು 80ರ ದಶಕಗಳವು, ಅಮೆರಿಕದ ಗರಾಜ್ ಸೇಲುಗಳಲ್ಲಿ ಇಂದಿಗೂ ಅಗ್ಗವಾಗಿ ಸಿಗುತ್ತವೆ. ಫ್ಲೋರಿಡಾ, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿ ಅಲ್ಲಿಯೇ ಡೈವಿಂಗ್ ಕಲಿತ ಕನ್ನಡಿಗರಿಗೂ ಇಂಥದ್ದೊಂದು ಎದುರಾಗಿರಬಹುದು. ಬಣ್ಣ ಮಾಸಿದ್ದರೂ ಉಕ್ಕಿನಂತೆ ತುಕ್ಕು ಹಿಡಿಯದ ಲೋಹವಾದ್ದರಿಂದ ಹೊರನೋಟಕ್ಕೆ ಸಿಲಿಂಡರು ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಅಮೆರಿಕದ ಸಾರಿಗೆ ಇಲಾಖೆಯ ನಿಯಮದಲ್ಲಿ ಇಂಥ ಸಿಲಿಂಡರಿಗೆ ಇಷ್ಟೇ ವರ್ಷ ಎಂಬ ಆಯುಸ್ಸಿನ ಮಿತಿಯೂ ಇಲ್ಲ. ಆದರೂ ಅದನ್ನು ಡೈವ್ ಶಾಪಿಗೆ ಒಯ್ದರೆ ಗಾಳಿ ತುಂಬಿಸಲು ಅನೇಕರು ಒಪ್ಪುವುದಿಲ್ಲ. ಈ ನಿರಾಕರಣೆಯ ಹಿಂದಿರುವುದು ಸಿಲಿಂಡರಿನ ವಯಸ್ಸಿಗಿಂತ ಹೆಚ್ಚಾಗಿ ಅದನ್ನು ಮಾಡಿದ ಮಿಶ್ರಲೋಹ. ಆ ಮಿಶ್ರಲೋಹ ಯಾವುದೆಂದು ತಿಳಿದ ಮೇಲೆಯೇ ಉಳಿದೆಲ್ಲ ತೀರ್ಮಾನಗಳನ್ನು ಕೈಗೊಳ್ಳಬೇಕು.

ಭುಜದ ಮೇಲಿನ ಬರಹ

ವಾಲ್ವಿನ ಕೆಳಗೆ, ಸಿಲಿಂಡರಿನ ಭುಜದ ಮೇಲೆ ಲೋಹದಲ್ಲಿಯೇ ಒತ್ತಿದ ಅಕ್ಷರ ಮತ್ತು ಅಂಕಿಗಳಿರುತ್ತವೆ. ಬಣ್ಣ ಅಥವಾ ಉಪ್ಪು ಕೂತು ಅವು ಮುಚ್ಚಿಹೋಗಿದ್ದರೆ ಮೆತ್ತನೆಯ ಬ್ರಷ್ಷು ಮತ್ತು ನೀರಿನಿಂದ ತೊಳೆದು ಓದಬೇಕೇ ಹೊರತು ಉಜ್ಜುಕಾಗದವನ್ನಾಗಲಿ ಗ್ರೈಂಡರನ್ನಾಗಲಿ ಬಳಸಬಾರದು. ಆ ಬರಹ ಅಳಿಸಿಹೋದ ಸಿಲಿಂಡರನ್ನು ಯಾವ ತಪಾಸಣಾ ಕೇಂದ್ರವೂ ಸ್ವೀಕರಿಸುವುದಿಲ್ಲ. ಸಾಮಾನ್ಯವಾಗಿ ಅಲ್ಲಿ ಸಾರಿಗೆ ಇಲಾಖೆಯ, ಅಂದರೆ ಡಿಓಟಿಯ, ಡಿಓಟಿ-3ಎಎಲ್ ಎಂಬ ನಿರ್ದಿಷ್ಟತೆ, ಅದರ ಮುಂದೆ 3000 ಎಂಬ ಕೆಲಸದ ಒತ್ತಡ, ಕ್ರಮಸಂಖ್ಯೆ, ತಯಾರಕರ ಹೆಸರು, ಕೊನೆಗೆ ಮೊದಲ ಪರೀಕ್ಷೆಯ ತಿಂಗಳು ಮತ್ತು ವರ್ಷ ಇರುತ್ತವೆ. ತಿಂಗಳು ಮತ್ತು ವರ್ಷದ ಅಂಕಿಗಳ ನಡುವೆ ತಪಾಸಣೆ ಮಾಡಿದವರ ಪುಟ್ಟ ಚಿಹ್ನೆಯೊಂದಿರುತ್ತದೆ. 3000 ಎಂದರೆ 3000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ಅಂದರೆ 207 ಬಾರ್. 3ಎಎಲ್ ಎಂಬ ನಿರ್ದಿಷ್ಟತೆ ಬರುವ ಮುನ್ನ ತಯಾರಾದವುಗಳ ಮೇಲೆ ಇ6498, ಎಸ್‌ಪಿ6498, ಇ7042, ಎಸ್‌ಪಿ7042 ಮುಂತಾದ ವಿಶೇಷ ಅನುಮತಿಯ ಸಂಖ್ಯೆಗಳಿರುತ್ತವೆ. ಇವು ಕಂಡರೆ ಸಿಲಿಂಡರು ಮುಂದೆ ಹೇಳುವ ಹಳೆಯ ಮಿಶ್ರಲೋಹದ್ದೆಂದೇ ಭಾವಿಸಿ, ತುಂಬಿಸುವ ಮಾತಿಗೆ ಮೊದಲು ತಪಾಸಣಾ ಕೇಂದ್ರಕ್ಕೆ ಒಯ್ಯಬೇಕು.

ಇಲ್ಲಿ ನೋಡಬೇಕಾದದ್ದು ತಯಾರಕರ ಹೆಸರು ಮತ್ತು ಮೊದಲ ಪರೀಕ್ಷೆಯ ದಿನಾಂಕ. ಲಕ್ಸ್‌ಫರ್ ಕಂಪನಿ ಅಮೆರಿಕದಲ್ಲಿ 1972ರಿಂದ 1988ರ ಮಧ್ಯಭಾಗದವರೆಗೆ 6351-ಟಿ6 ಎಂಬ ಮಿಶ್ರಲೋಹದಿಂದ ಸಿಲಿಂಡರುಗಳನ್ನು ತಯಾರಿಸಿ, ಅನಂತರ 6061-ಟಿ6ಕ್ಕೆ ಬದಲಾಯಿತು. ವಾಲ್ಟರ್ ಕಿಡ್ ಹೆಸರಿನ ಸ್ಕೂಬಾ ಸಿಲಿಂಡರುಗಳೆಲ್ಲವೂ 6351ರವೇ. ಅಮೆರಿಕದ ಹೊರಗೆ ತಯಾರಾದವುಗಳಲ್ಲಿ ಹಳೆಯ ಮಿಶ್ರಲೋಹ ಇನ್ನೂ ಕೆಲವು ವರ್ಷ ಮುಂದುವರಿಯಿತು. ಅಂಗಡಿಯವರು ಪ್ರತಿಯೊಂದು ಕಂಪನಿಯ ಪ್ರತಿಯೊಂದು ಅಳತೆಯ ದಿನಾಂಕವನ್ನು ನೆನಪಿಟ್ಟುಕೊಳ್ಳಲಾರರು. ಹಾಗಾಗಿ ಹಲವರು 1990ಕ್ಕೆ ಮೊದಲಿನ ಅಲ್ಯುಮಿನಿಯಂ ಸಿಲಿಂಡರುಗಳನ್ನು ಒಟ್ಟಾರೆಯಾಗಿ ದೂರವಿಡುತ್ತಾರೆ. 1989ರಲ್ಲಿ 6061ರಿಂದ ಮಾಡಿದ ಒಳ್ಳೆಯ ಲಕ್ಸ್‌ಫರ್ ಸಿಲಿಂಡರೊಂದು ಈ ಸರಳ ಲೆಕ್ಕದಲ್ಲಿ ವೃಥಾ ತಿರಸ್ಕಾರಕ್ಕೆ ಒಳಗಾಗುವುದುಂಟು. ಆದರೆ ತುಂಬಿಸುವಾಗ ಸಿಲಿಂಡರಿನ ಪಕ್ಕ ನಿಂತಿರುವವರು ಅವರೇ ಆದ್ದರಿಂದ ಅವರೊಡನೆ ವಾದಕ್ಕಿಳಿಯುವುದು ತರವಲ್ಲ.

ಕುತ್ತಿಗೆಯ ಬಿರುಕು

6351ರ ದೋಷ ಇಷ್ಟು: ಈ ಲೋಹವನ್ನು ವರ್ಷಗಟ್ಟಲೆ ಒಂದೇ ಸಮನೆ ಒತ್ತಡದಲ್ಲಿಟ್ಟರೆ, ತುಕ್ಕಾಗಲಿ ಪೆಟ್ಟಾಗಲಿ ಇಲ್ಲದೆಯೂ, ಸಾಮಾನ್ಯ ಉಷ್ಣತೆಯಲ್ಲಿಯೇ, ಲೋಹದ ಕಣಗಳ ಅಂಚಿನಗುಂಟ ಸೂಕ್ಷ್ಮ ಬಿರುಕುಗಳು ಮೂಡಿ ನಿಧಾನವಾಗಿ ಬೆಳೆಯುತ್ತವೆ. ಅವು ಮೂಡುವ ಜಾಗ ಹೆಚ್ಚಾಗಿ ಕುತ್ತಿಗೆ ಮತ್ತು ಭುಜ, ಅಂದರೆ ವಾಲ್ವನ್ನು ತಿರುಗಿಸಿ ಕೂರಿಸುವ ತ್ರೆಡ್ಡುಗಳ (ತಿರುಪಿನ ಸುರುಳಿ ಗೆರೆಗಳ) ಸುತ್ತಮುತ್ತ. ಬಹುಪಾಲು ಸಿಲಿಂಡರುಗಳಲ್ಲಿ ಇದು ಎಂದೂ ಕಾಣಿಸಿಕೊಂಡಿಲ್ಲ. ಆದರೆ ಕಾಣಿಸಿಕೊಂಡ ಕೆಲವು ಸಿಲಿಂಡರುಗಳು ಗಾಳಿ ತುಂಬಿಸುತ್ತಿರುವಾಗಲೇ ಸಿಡಿದು ತುಂಬಿಸುತ್ತಿದ್ದವರನ್ನು ಊನಗೊಳಿಸಿವೆ, ಕೊಂದಿವೆ.

ಹೈಡ್ರೋ ಟೆಸ್ಟ್ ಆಗಿದೆ, ಆದ್ದರಿಂದ ಭಯವಿಲ್ಲ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಹೈಡ್ರೋ ಟೆಸ್ಟಿನಲ್ಲಿ ಸಿಲಿಂಡರಿನೊಳಗೆ ನೀರು ತುಂಬಿ, ಅದನ್ನು ನೀರಿನ ಕವಚದೊಳಗೆ ಇಳಿಸಿ, ಕೆಲಸದ ಒತ್ತಡದ ಮೂರನೆಯ ಐದರಷ್ಟು, ಅಂದರೆ 3000ದ ಸಿಲಿಂಡರಿಗೆ 5000 ಪಿಎಸ್‌ಐ ಒತ್ತಡ ಕೊಡುತ್ತಾರೆ. ಆಗ ಸಿಲಿಂಡರು ಎಷ್ಟು ಉಬ್ಬಿತು, ಒತ್ತಡ ಇಳಿಸಿದ ಮೇಲೆ ಅದರಲ್ಲಿ ಎಷ್ಟು ಉಬ್ಬು ಹಾಗೆಯೇ ಉಳಿಯಿತು ಎಂದು ಅಳೆಯುತ್ತಾರೆ. ಉಳಿದ ಉಬ್ಬು ಒಟ್ಟು ಉಬ್ಬಿನ ನೂರಕ್ಕೆ 10ನ್ನು ಮೀರಬಾರದು. ಈ ಅಳತೆ ಸಿಲಿಂಡರಿನ ಒಡಲು ಬಲವಾಗಿದೆಯೇ ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಕುತ್ತಿಗೆಯ ತ್ರೆಡ್ಡುಗಳ ನಡುವಿನ ಎಳೆಯಷ್ಟು ಬಿರುಕು ಈ ಅಳತೆಯ ಮೇಲೆ ಯಾವ ಪರಿಣಾಮವನ್ನೂ ಬೀರದೆ ತಪ್ಪಿಸಿಕೊಳ್ಳಬಲ್ಲದು.

ಆದ್ದರಿಂದಲೇ ಅಮೆರಿಕದ ಸಾರಿಗೆ ಇಲಾಖೆ 2006ರಲ್ಲಿ ನಿಯಮ ಹೊರಡಿಸಿ, 2007ರ ಜನವರಿಯಿಂದ, ಸ್ಕೂಬಾದಲ್ಲಿ ಬಳಕೆಯಾಗುವ 6351-ಟಿ6 ಸಿಲಿಂಡರುಗಳಿಗೆ 5 ವರ್ಷಕ್ಕೊಮ್ಮೆ ನಡೆಯುವ ಈ ಹೈಡ್ರೋ ಮರುಪರೀಕ್ಷೆಯಲ್ಲಿ ಎಡ್ಡಿ ಕರೆಂಟ್ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು. ಈ ಪರೀಕ್ಷೆಯಲ್ಲಿ ವಿದ್ಯುತ್ ಸುರುಳಿಯಿರುವ ತನಿಖಾ ಕಡ್ಡಿಯೊಂದನ್ನು ಕುತ್ತಿಗೆಯ ತ್ರೆಡ್ಡುಗಳಗುಂಟ ತಿರುಗಿಸುತ್ತಾರೆ. ಲೋಹದಲ್ಲಿ ಹುಟ್ಟುವ ಸುಳಿವಿದ್ಯುತ್ತಿನ ಹರಿವು ಬಿರುಕಿದ್ದಲ್ಲಿ ಏರುಪೇರಾಗುತ್ತದೆ. ಉಪಕರಣ ಅದನ್ನು ಸೂಚಿಸುತ್ತದೆ. ಪರೀಕ್ಷೆಯಲ್ಲಿ ಉತ್ತೀರ್ಣವಾದ ಸಿಲಿಂಡರಿನ ಭುಜದ ಮೇಲೆ ಮರುಪರೀಕ್ಷೆಯ ದಿನಾಂಕದ ಜೊತೆಗೆ ವಿಇ ಎಂಬ ಎರಡಕ್ಷರಗಳನ್ನು ಒತ್ತುತ್ತಾರೆ. 6351 ಸಿಲಿಂಡರು ಕೊಳ್ಳಲು ಬಂದಾಗ, ಇತ್ತೀಚಿನ ಹೈಡ್ರೋ ದಿನಾಂಕವಿದ್ದು ಈ ಎರಡಕ್ಷರ ಇಲ್ಲದಿದ್ದರೆ ಆ ಪರೀಕ್ಷೆ ಪೂರ್ಣವಲ್ಲ ಎಂದೇ ತಿಳಿಯಬೇಕು. 6061ರ ಸಿಲಿಂಡರಿಗೆ ಎಡ್ಡಿ ಕರೆಂಟ್ ಬೇಕಿಲ್ಲ. ಅದರ ಮೇಲೆ ಈ ಉಪಕರಣ ಬಳಸಿದರೆ ಇಲ್ಲದ ಬಿರುಕನ್ನು ಇದೆಯೆಂದು ತೋರಿಸುವ ಸಾಧ್ಯತೆಯಿರುವುದರಿಂದ, ಬಳಸದಿರುವುದೇ ಲೇಸು.

ಬಿರುಕು ನಿಧಾನವಾಗಿ ಬೆಳೆಯುವುದರಿಂದಲೇ ನಿಯತ ಕಾಲದ ತಪಾಸಣೆಗೆ ಅರ್ಥವಿದೆ. 5 ವರ್ಷದ ಮರುಪರೀಕ್ಷೆಯ ನಡುವೆ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆಯೂ ನಡೆಯಬೇಕು. ಇದು ಅಮೆರಿಕದಲ್ಲಿ ಸರ್ಕಾರಿ ಕಾನೂನಲ್ಲ, ಡೈವಿಂಗ್ ವೃತ್ತಿಯವರು ತಾವೇ ಕಟ್ಟಿಕೊಂಡ ಪದ್ಧತಿ. ಆದರೂ ಆ ವರ್ಷದ ಸ್ಟಿಕ್ಕರ್ ಇಲ್ಲದ ಸಿಲಿಂಡರನ್ನು ಅಂಗಡಿಗಳು ತುಂಬಿಸುವುದಿಲ್ಲ. ತಪಾಸಕರು ಗಾಳಿಯನ್ನು ಪೂರ್ತಿ ಬಿಟ್ಟು, ವಾಲ್ವು ಕಳಚಿ, ಒಳಗೆ ದೀಪ ಇಳಿಸಿ, ಪುಟ್ಟ ಕನ್ನಡಿಯಿಂದ ತ್ರೆಡ್ಡುಗಳನ್ನು ಒಂದೊಂದಾಗಿ ನೋಡುತ್ತಾರೆ. ತಯಾರಿಕೆಯ ವೇಳೆ ತ್ರೆಡ್ ಕೊರೆಯುವ ಟ್ಯಾಪು ನಿಂತ ಜಾಗದಲ್ಲಿ ಉಳಿದ ಗುರುತು, ಕುತ್ತಿಗೆಯನ್ನು ಮಡಚಿ ರೂಪಿಸುವಾಗ ಬಿದ್ದ ಸುಕ್ಕು, ನಿಜವಾದ ಬಿರುಕು, ಇವು ಮೂರೂ ಹೊಸಗಣ್ಣಿಗೆ ಒಂದೇ ರೀತಿ ಕಾಣುತ್ತವೆ. ಇವನ್ನು ಬೇರ್ಪಡಿಸಿ ಹೇಳಲು ತರಬೇತಿ ಬೇಕು. ಮನೆಯಲ್ಲಿ ಟಾರ್ಚು ಹಿಡಿದು ನೋಡಿ ತೃಪ್ತಿಪಟ್ಟುಕೊಳ್ಳುವ ಕೆಲಸ ಇದಲ್ಲ.

ಹಾಗಾದರೆ 6351ನ್ನು ಇಟ್ಟುಕೊಳ್ಳಬೇಕೆ? ಕಾನೂನು ಅದನ್ನು ನಿಷೇಧಿಸಿಲ್ಲ. ನನ್ನ ಅಭಿಪ್ರಾಯದಲ್ಲಿ, ಈಗಾಗಲೇ ಸ್ವಂತದ್ದೊಂದು ಇದ್ದು, ಅದರ ಚರಿತ್ರೆ ಪೂರ್ತಿ ಗೊತ್ತಿದ್ದು, ಎಡ್ಡಿ ಕರೆಂಟ್ ಮಾಡುವ ಕೇಂದ್ರ ಮತ್ತು ತುಂಬಿಸಲು ಒಪ್ಪುವ ಅಂಗಡಿ ಎರಡೂ ಹತ್ತಿರದಲ್ಲಿದ್ದರೆ ಬಳಸಬಹುದು. ಹೊಸದಾಗಿ ಕೊಳ್ಳುವುದಂತೂ ಬೇಡ. ಪರೀಕ್ಷೆಗಳ ಖರ್ಚನ್ನೂ ಅಂಗಡಿಯಿಂದ ಅಂಗಡಿಗೆ ಅಲೆಯುವ ಶ್ರಮವನ್ನೂ ಕೂಡಿದರೆ 6061ರ ಒಂದು ಒಳ್ಳೆಯ ಸಿಲಿಂಡರೇ ಅಗ್ಗವಾಗುತ್ತದೆ. ಮುಂದಿನ ಮಾತುಗಳು ಎರಡೂ ಬಗೆಯ ಹಳೆಯ ಸಿಲಿಂಡರುಗಳಿಗೆ ಅನ್ವಯಿಸುತ್ತವೆ.

ವಾಲ್ವು ಮತ್ತು ತ್ರೆಡ್ಡು

ಅಮೆರಿಕದ ಅಲ್ಯುಮಿನಿಯಂ ಸ್ಕೂಬಾ ಸಿಲಿಂಡರುಗಳ ಕುತ್ತಿಗೆಯಲ್ಲಿ ಮುಕ್ಕಾಲು ಇಂಚಿನ ನೇರ ತ್ರೆಡ್ ಇರುತ್ತದೆ. ಗಾಳಿ ಸೋರದಂತೆ ತಡೆಯುವುದು ತ್ರೆಡ್ಡಲ್ಲ, ಮೇಲೆ ಕೂರುವ ಓ-ರಿಂಗ್ ಎಂಬ ರಬ್ಬರಿನ ಉಂಗುರ. ಯುರೋಪಿನ ಸಿಲಿಂಡರುಗಳಲ್ಲಿ ಎಂ25 ಎಂಬ ಮೆಟ್ರಿಕ್ ತ್ರೆಡ್ ಬಳಕೆಯಲ್ಲಿದೆ. ಇವೆರಡರ ಅಳತೆ ಎಷ್ಟು ಹತ್ತಿರವೆಂದರೆ ಒಂದರ ವಾಲ್ವನ್ನು ಇನ್ನೊಂದರ ಕುತ್ತಿಗೆಗೆ ಕೆಲವು ಸುತ್ತು ತಿರುಗಿಸಿ ಕೂರಿಸಿಬಿಡಬಹುದು. ಹಾಗೆ ಕೂತ ವಾಲ್ವು ಒತ್ತಡಕ್ಕೆ ಸಿಕ್ಕಾಗ ಚಿಮ್ಮಿಹೋಗುತ್ತದೆ. 207 ಬಾರ್ ಒತ್ತಡದಲ್ಲಿ ಆ ಪುಟ್ಟ ವಾಲ್ವಿನ ಬುಡದ ಮೇಲೆ ಒಂದು ಟನ್ನಿಗೂ ಮೀರಿದ ತೂಕದಷ್ಟು ಬಲ ಬೀಳುತ್ತದೆ ಎಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕೈಗೆ ಸಿಕ್ಕ ಹಳೆಯ ವಾಲ್ವನ್ನು ಕೈಗೆ ಸಿಕ್ಕ ಸಿಲಿಂಡರಿಗೆ ಹಾಕುವ ಮನಸ್ಸಾಗುವುದಿಲ್ಲ.

ವಾಲ್ವಿನ ಪಕ್ಕದಲ್ಲಿ ಬರ್ಸ್ಟ್ ಡಿಸ್ಕ್ ಎಂಬ ತೆಳು ತಾಮ್ರದ ಬಿಲ್ಲೆಯೊಂದಿರುತ್ತದೆ. ಒತ್ತಡ ಮಿತಿಮೀರಿ ಪರೀಕ್ಷಾ ಒತ್ತಡದ ಸಮೀಪಕ್ಕೆ ಏರಿದಾಗ ಅದು ಹರಿದು ಗಾಳಿಯನ್ನು ಹೊರಬಿಡಬೇಕು. ವರ್ಷಗಳು ಕಳೆದಂತೆ ಬಿಲ್ಲೆ ಸವೆದು ದುರ್ಬಲವಾಗುವುದರಿಂದ ಪ್ರತಿ ಹೈಡ್ರೋ ಟೆಸ್ಟಿನೊಂದಿಗೆ ಅದನ್ನೂ ಬದಲಾಯಿಸುವುದು ಒಳ್ಳೆಯ ರೂಢಿ. ಹಿಂದೆ ಕೆಲವರು ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುವ ಆಸೆಯಿಂದ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಹಾಕುತ್ತಿದ್ದರು. ಹಳೆಯ ವಾಲ್ವು ಬಿಚ್ಚಿದಾಗ ಅಂಥದ್ದು ಕಂಡುಬಂದರೆ, ಆ ಸಿಲಿಂಡರನ್ನು ಮಿತಿಮೀರಿ ತುಂಬಿಸಿರಬಹುದೆಂಬ ಸಂಶಯಕ್ಕೆ ಅಷ್ಟೇ ಸಾಕು.

ಹಳೆಯ ಸಿಲಿಂಡರುಗಳ ಜೊತೆ ಜೆ-ವಾಲ್ವು ಬರುವುದು ಸಾಮಾನ್ಯ. ಒತ್ತಡಮಾಪಕ ಇಲ್ಲದ ಕಾಲದಲ್ಲಿ ಡೈವರಿಗೆ ಕೊನೆಯ 300ರಿಂದ 500 ಪಿಎಸ್‌ಐ ಗಾಳಿಯನ್ನು ಕಾದಿರಿಸುತ್ತಿದ್ದ ಸ್ಪ್ರಿಂಗಿನ ವ್ಯವಸ್ಥೆ ಅದು; ಪಕ್ಕದ ಸನ್ನೆಯನ್ನು ಕೆಳಗೆ ಎಳೆದರೆ ಆ ಕಾದಿರಿಸಿದ ಗಾಳಿ ಸಿಗುತ್ತಿತ್ತು. ತುಂಬಿಸುವಾಗ ಈ ಸನ್ನೆ ಕೆಳಗಿರಬೇಕು. ಇಂದು ಅದನ್ನು ನೆಚ್ಚಿ ನೀರಿಗಿಳಿಯಬಾರದು. ಸಾದಾ ಕೆ-ವಾಲ್ವಿಗೆ ಬದಲಾಯಿಸಿಕೊಂಡರೆ ಗೊಂದಲವೇ ಇರುವುದಿಲ್ಲ.

ತುಂಬಿಸುವ ಕ್ರಮ

ಮರುಪರೀಕ್ಷೆಯ ಅವಧಿ ಮುಗಿದ ಸಿಲಿಂಡರನ್ನು ತುಂಬಿಸಬಾರದು. ಅವಧಿಯೊಳಗೆ ತುಂಬಿಸಿದ್ದರೆ, ಒಳಗಿರುವ ಗಾಳಿ ಮುಗಿಯುವವರೆಗೆ ಬಳಸಬಹುದು. ಪೂರ್ತಿ ಖಾಲಿಯಾಗಿ ವಾಲ್ವು ತೆರೆದೇ ಉಳಿದಿದ್ದ ಸಿಲಿಂಡರಿನೊಳಗೆ ತೇವ ಅಥವಾ ಸಮುದ್ರದ ನೀರು ಹೊಕ್ಕಿರಬಹುದಾದ್ದರಿಂದ, ಸ್ಟಿಕ್ಕರಿನ ಅವಧಿ ಬಾಕಿಯಿದ್ದರೂ ಮತ್ತೊಮ್ಮೆ ಒಳಗೆ ನೋಡಿಸಬೇಕು. ಈ ಕಾರಣಕ್ಕಾಗಿಯೇ ಡೈವ್ ಮುಗಿಸುವಾಗ ಸಿಲಿಂಡರಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವುದು ವಾಡಿಕೆ.

ತುಂಬಿಸುವ ಪೈಪನ್ನು ಜೋಡಿಸುವ ಮೊದಲು ವಾಲ್ವನ್ನು ಒಂದು ಕ್ಷಣ ತುಸುವೇ ತೆರೆದು, ಬಾಯಿಯಲ್ಲಿ ಕೂತ ನೀರು ಮತ್ತು ಮರಳನ್ನು ಊದಿ ತೆಗೆಯಬೇಕು. ಇಲ್ಲದಿದ್ದರೆ ಆ ನೀರಹನಿಯನ್ನು ಕಂಪ್ರೆಸರು ಒಳಕ್ಕೆ ತಳ್ಳುತ್ತದೆ. ಒತ್ತಡ ಏರುವ ವೇಗ ನಿಮಿಷಕ್ಕೆ 300ರಿಂದ 600 ಪಿಎಸ್‌ಐ ಮೀರಬಾರದು. ಹಳೆಯ ಸಿಲಿಂಡರಿಗೆ ಇವೆರಡರಲ್ಲಿ ಕಡಿಮೆಯ ಅಂಕಿಯೇ ಇರಲಿ. ಗಾಳಿಯನ್ನು ಒತ್ತಿ ತುಂಬಿದಾಗ ಬಿಸಿಯಾಗುತ್ತದೆ, ತಣಿದಾಗ ಒತ್ತಡ ಇಳಿಯುತ್ತದೆ. 207 ಬಾರ್ ಇರುವ ಸಿಲಿಂಡರಿನಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.7 ಬಾರ್ ವ್ಯತ್ಯಾಸವಾಗುತ್ತದೆ. 3000 ಪಿಎಸ್‌ಐ ಎಂಬ ಮಿತಿ 21 ಡಿಗ್ರಿ ಉಷ್ಣತೆಗೆ ಹೇಳಿದ್ದು. ಬಿಸಿಯಿರುವಾಗ ಮಾಪಕ ಅಲ್ಲಿಗೆ ಮುಟ್ಟಿದರೆ ಸಿಲಿಂಡರು ಪೂರ್ತಿ ತುಂಬಿಲ್ಲವೆಂದೇ ಅರ್ಥ; ಆಗ ತಣಿಯಲು ಬಿಟ್ಟು ಉಳಿದದ್ದನ್ನು ಆಮೇಲೆ ಸೇರಿಸಬೇಕು. ತುಂಬಿಸುವಾಗ ಸಿಲಿಂಡರನ್ನು ನೀರಿನ ತೊಟ್ಟಿಯಲ್ಲಿ ಇಡುವ ಪದ್ಧತಿ ಕೆಲವೆಡೆ ಉಂಟು. ಒಳಗಿನ ಗಾಳಿ ಅದರಿಂದ ಹೆಚ್ಚೇನೂ ತಣಿಯುವುದಿಲ್ಲ, ವಾಲ್ವಿನ ಬಾಯಿಗೆ ನೀರು ಸೇರುವ ಅಪಾಯ ಮಾತ್ರ ಹೆಚ್ಚುತ್ತದೆ.

ಉಕ್ಕಿನ 3ಎಎ ಸಿಲಿಂಡರುಗಳಲ್ಲಿ ದಿನಾಂಕದ ಮುಂದೆ ಕೂಡಿಸುವ ಚಿಹ್ನೆಯಿದ್ದರೆ ನೂರಕ್ಕೆ 10ರಷ್ಟು ಹೆಚ್ಚು ತುಂಬಿಸಲು ಅನುಮತಿಯಿದೆ. ಅಲ್ಯುಮಿನಿಯಂಗೆ ಈ ಸವಲತ್ತು ಇಲ್ಲ. ಉಕ್ಕಿನ ಸಿಲಿಂಡರು ಬಳಸಿ ರೂಢಿಯಾದವರು ಇಲ್ಲಿ ಎಡವುವುದುಂಟು.

ತುಂಬಿಸುವಾಗಲೂ ಆ ಬಳಿಕವೂ ಗಮನಿಸಲೇಬೇಕಾದ ಒಂದು ಸಂಗತಿಯಿದೆ. ಕುತ್ತಿಗೆಯ ಸುತ್ತ ಸಾಬೂನಿನ ನೀರು ಹಚ್ಚಿದಾಗ ಗುಳ್ಳೆಗಳೆದ್ದರೆ ಅದು ಓ-ರಿಂಗಿನ ದೋಷವಿರಬಹುದು, ಬಿರುಕಿನ ಮೂಲಕ ಗಾಳಿ ಹೊರಬರುತ್ತಿರಲೂಬಹುದು. ಸಿಡಿಯುವ ಮುನ್ನ ಸೋರುವುದು ಬಿರುಕುಬಿಟ್ಟ ಹಲವು ಸಿಲಿಂಡರುಗಳು ಕೊಡುವ ಮುನ್ಸೂಚನೆ. ಅಂಥ ಸಮಯದಲ್ಲಿ ವಾಲ್ವನ್ನು ಇನ್ನಷ್ಟು ಬಿಗಿ ಮಾಡಲು ಹೋಗಬಾರದು. ಒತ್ತಡವಿರುವ ಸಿಲಿಂಡರಿನ ವಾಲ್ವಿಗೆ ಸ್ಪ್ಯಾನರ್ ಹಾಕುವುದೇ ನಿಷಿದ್ಧ. ತುಂಬಿಸುವುದನ್ನು ನಿಲ್ಲಿಸಿ, ಗಾಳಿಯನ್ನು ನಿಧಾನವಾಗಿ ಹೊರಬಿಟ್ಟು, ತಪಾಸಕರು ತ್ರೆಡ್ಡು ನೋಡುವವರೆಗೆ ಆ ಸಿಲಿಂಡರನ್ನು ಬದಿಗಿಡಬೇಕು. ಸದಾ ತುಂಬಿಟ್ಟ ಸಿಲಿಂಡರು ತಿಂಗಳುಗಳಲ್ಲಿ ಒತ್ತಡ ಕಳೆದುಕೊಳ್ಳುತ್ತಿದೆಯೆಂದು ಕಂಡರೂ ಇದೇ ಕ್ರಮ.

ಕಂಪ್ರೆಸರಿನ ಗಾಳಿಯ ಶುದ್ಧತೆ ಸಿಲಿಂಡರಿನ ವಯಸ್ಸಿಗೆ ಸಂಬಂಧಿಸಿದ್ದಲ್ಲವಾದರೂ ಹೇಳದೆ ಬಿಡಲಾಗದು. ಅಮೆರಿಕದ ಗ್ರೇಡ್ ಇ ಮಾನದಂಡದಂತೆ ಉಸಿರಾಟದ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ದಶಲಕ್ಷಕ್ಕೆ 10 ಭಾಗ, ಕಾರ್ಬನ್ ಡೈಆಕ್ಸೈಡ್ ದಶಲಕ್ಷಕ್ಕೆ 1000 ಭಾಗ ಮೀರಬಾರದು. ಗ್ಯಾರೇಜಿನಲ್ಲಿ ಟೈರಿಗೆ ಗಾಳಿ ಹಾಕುವ ಕಂಪ್ರೆಸರು ಈ ಕೆಲಸಕ್ಕೆ ಯಾವ ರೀತಿಯಿಂದಲೂ ಒದಗುವುದಿಲ್ಲ. ಆಮ್ಲಜನಕ ಹೆಚ್ಚಿಸಿದ ನೈಟ್ರಾಕ್ಸನ್ನು ಹಳೆಯ 6351 ಸಿಲಿಂಡರಿಗೆ ತುಂಬಿಸದೆ, ಬರಿಯ ಗಾಳಿಗಷ್ಟೇ ಅದನ್ನು ಮೀಸಲಿಡುವುದು ನನಗೆ ಸರಿಯೆನಿಸುತ್ತದೆ.

ನೀರಿನಲ್ಲಿ, ಮನೆಯಲ್ಲಿ

ಎಂಬತ್ತು ಎಂದು ಕರೆಸಿಕೊಳ್ಳುವ ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರಿನಲ್ಲಿ ಹಿಡಿಸುವುದು 80 ಘನ ಅಡಿಯಲ್ಲ, 77.4 ಘನ ಅಡಿ; ಅದರ ಒಳಗಾತ್ರ ಸುಮಾರು 11.1 ಲೀಟರ್. ಅದರೊಳಗಿನ ಗಾಳಿಯ ತೂಕ ಎರಡೂವರೆ ಕಿಲೋಗೂ ಹೆಚ್ಚು. ಆದ್ದರಿಂದ ತುಂಬಿದಾಗ ಮುಳುಗುವ ಸಿಲಿಂಡರು ಡೈವಿನ ಕೊನೆಯ ಹೊತ್ತಿಗೆ ತೇಲಲಾರಂಭಿಸಿ, ಖಾಲಿಯಾದಾಗ ಸುಮಾರು 2 ಕಿಲೋದಷ್ಟು ಮೇಲಕ್ಕೆ ಎಳೆಯುತ್ತದೆ. ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನು ಸಿಲಿಂಡರು ಬಹುಪಾಲು ಖಾಲಿಯಿರುವಾಗಲೇ ಪರೀಕ್ಷಿಸಿ ನಿರ್ಧರಿಸಬೇಕು. ಇಲ್ಲವಾದರೆ ಮೇಲೇರುವಾಗ 5 ಮೀಟರಿನ ಸುರಕ್ಷತಾ ನಿಲುಗಡೆಯಲ್ಲಿ ನಿಲ್ಲುವುದೇ ಕಷ್ಟವಾದೀತು.

ಅಲ್ಯುಮಿನಿಯಂ ಸಿಲಿಂಡರಿನ ತಳ ಚಪ್ಪಟೆಯಾಗಿರುವುದರಿಂದ ಅದು ನಿಲ್ಲಲು ರಬ್ಬರಿನ ಬೂಟು ಬೇಕಿಲ್ಲ. ಹಳೆಯದರಲ್ಲಿ ಬೂಟಿದ್ದರೆ ಅದನ್ನು ಕಳಚಿ ನೋಡಬೇಕು. ಒಳಗೆ ಸಿಕ್ಕಿಕೊಂಡ ಉಪ್ಪುನೀರು ಬಿಳಿಯ ಪುಡಿಯಂಥ ಸವೆತವನ್ನೂ ಗುಂಡಿಗಳನ್ನೂ ಮಾಡಿರುತ್ತದೆ. ಹಿತ್ತಾಳೆಯ ವಾಲ್ವು ಅಲ್ಯುಮಿನಿಯಂಗೆ ಮುಟ್ಟುವ ಕುತ್ತಿಗೆಯೂ ಇಂಥದ್ದೇ ಜಾಗ. ಪ್ರತಿ ಬಾರಿ ಸಿಹಿನೀರಿನಲ್ಲಿ ತೊಳೆಯುವುದು, ವರ್ಷಕ್ಕೊಮ್ಮೆ ವಾಲ್ವು ಕಳಚಿದಾಗ ತ್ರೆಡ್ಡಿಗೆ ಸೂಕ್ತ ಗ್ರೀಸು ಸವರುವುದು, ಇವಿಲ್ಲದಿದ್ದರೆ ವಾಲ್ವು ಕಚ್ಚಿಕೊಂಡು ಬಿಚ್ಚಲು ಬಾರದಂತಾಗುತ್ತದೆ.

ಬಣ್ಣ ಮಾಸಿದ ಸಿಲಿಂಡರನ್ನು ಹೊಸದಾಗಿಸಲು, ಬಣ್ಣದ ಪುಡಿಯನ್ನು ಕಾಯಿಸಿ ಅಂಟಿಸುವ ಪೌಡರ್ ಕೋಟಿಂಗಿಗೆ ಕೊಡುವ ಯೋಚನೆಯನ್ನು ಕೈಬಿಡಬೇಕು. ಟಿ6 ಎಂಬುದು ಶಾಖದಿಂದ ಹದಗೊಳಿಸಿದ ಸ್ಥಿತಿ. ಮತ್ತೆ ಬಿಸಿ ಮಾಡಿದರೆ ಆ ಹದ ಕೆಡುತ್ತದೆ. 177 ಡಿಗ್ರಿ ಸೆಲ್ಸಿಯಸ್ ಮೀರಿ ಕಾದ ಅಲ್ಯುಮಿನಿಯಂ ಸಿಲಿಂಡರನ್ನು ನಿಯಮದ ಪ್ರಕಾರ ಅಮಾನ್ಯ ಮಾಡಲೇಬೇಕು. ಕಾಸ್ಟಿಕ್ ಸೋಡಾ ಇರುವ ಬಣ್ಣನಾಶಕಗಳು ಅಲ್ಯುಮಿನಿಯಂ ಅನ್ನೇ ತಿನ್ನುವುದರಿಂದ ಅವೂ ಬೇಡ.

ವಾರಗಟ್ಟಲೆ ಬಳಕೆಯಿಲ್ಲದಿದ್ದರೆ 6351 ಸಿಲಿಂಡರನ್ನು ತುಂಬಿದ ಸ್ಥಿತಿಯಲ್ಲಿ ಇಡಬಾರದು. ಬಿರುಕು ಬೆಳೆಯಲು ಬೇಕಾದದ್ದು ನಿರಂತರ ಒತ್ತಡವೇ ಆದ್ದರಿಂದ 10–20 ಬಾರ್‌ಗೆ ಇಳಿಸಿ, ನೆಟ್ಟಗೆ ನಿಲ್ಲಿಸಿ, ಬೀಳದಂತೆ ಕಟ್ಟಿಡಬೇಕು. ಅರೆತುಂಬಿದ ಸ್ಥಿತಿಯಲ್ಲಿಯೂ ಒಂದು ಅಪಾಯವಿದೆ. ಮನೆಗೆ ಬೆಂಕಿ ಬಿದ್ದರೆ, ಅಂಥ ಸಿಲಿಂಡರಿನಲ್ಲಿ ಒತ್ತಡ ಬರ್ಸ್ಟ್ ಡಿಸ್ಕ್ ಹರಿಯುವಷ್ಟು ಏರುವ ಮುನ್ನವೇ ಲೋಹ ಮೆತ್ತಗಾಗಿ ಸಿಡಿಯಬಹುದು. ಕಾರಿನಲ್ಲಿ ಒಯ್ಯುವಾಗ ಅಡ್ಡ ಮಲಗಿಸಿ, ಉರುಳದಂತೆ ಭದ್ರಪಡಿಸಬೇಕು. ಬಿಸಿಲಿಗೆ ನಿಂತ ಕಾರಿನೊಳಗೆ 60 ಡಿಗ್ರಿಗೆ ಏರಿದರೆ 207 ಬಾರ್ ಇದ್ದದ್ದು 234 ಬಾರಿನ ಆಸುಪಾಸಿಗೆ ಹೋಗುತ್ತದೆ.

ತಪಾಸಣೆಯಲ್ಲಿ ಸೋತ ಸಿಲಿಂಡರಿನ ಮೇಲೆ ಕೇಂದ್ರದವರು ಅಮಾನ್ಯವೆಂಬ ಮುದ್ರೆ ಒತ್ತುತ್ತಾರೆ. ಮಾಲೀಕರು ಒಪ್ಪಿದರೆ ಮತ್ತೆ ಒತ್ತಡ ಹಿಡಿಯದಂತೆ ನಿರುಪಯುಕ್ತಗೊಳಿಸಿಯೂ ಕೊಡುತ್ತಾರೆ. ಒಪ್ಪಿಕೊಳ್ಳುವುದು ಒಳಿತು, ಏಕೆಂದರೆ ಇಡಿಯಾಗಿ ಉಳಿದದ್ದು ಮತ್ತೆ ಯಾವುದಾದರೂ ಗರಾಜ್ ಸೇಲಿಗೆ ಹೋಗುತ್ತದೆ. ವಾಲ್ವು ಕಳಚಿ ಕತ್ತರಿಸಿದ ಮೇಲೆ ಅದು ಒಳ್ಳೆಯ ಬೆಲೆಗೆ ಹೋಗುವ ಅಲ್ಯುಮಿನಿಯಂ ಗುಜರಿ.

ಊರಿಗೆ ಮರಳುವಾಗ ಇಂಥ ಸಿಲಿಂಡರನ್ನು ಜೊತೆಗೆ ತರುವ ಆಲೋಚನೆ ಕೆಲವರಿಗಿರುತ್ತದೆ. ವಾಲ್ವು ಕಳಚಿ, ಒಳಗೆ ಖಾಲಿಯಿರುವುದು ಕಾಣುವಂತೆ ಬಾಯಿ ತೆರೆದಿದ್ದರೆ ಮಾತ್ರ ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಸಿಬ್ಬಂದಿ ಅದನ್ನು ಬಿಡುತ್ತಾರೆ. ಭಾರತದಲ್ಲಿಯೋ, 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಸ್ಫೋಟಕಗಳ ಮುಖ್ಯ ನಿಯಂತ್ರಕರು ಅನುಮೋದಿಸಿದ ಮಾದರಿಯ ಸಿಲಿಂಡರು ಮತ್ತು ವಾಲ್ವುಗಳನ್ನಷ್ಟೇ ಆಮದು ಮಾಡಬಹುದು, ತುಂಬಿಸಬಹುದು. ಆ ನಿಯಮಗಳನ್ನು ನೋಡಿಕೊಳ್ಳುವ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಒಂದು ಹಳೆಯ 3ಎಎಲ್ ಸಿಲಿಂಡರಿಗಾಗಿ ಅಲ್ಲಿಯವರೆಗೆ ಕಡತ ನಡೆಸುವುದಕ್ಕಿಂತ ಅದನ್ನು ಅಮೆರಿಕದಲ್ಲಿಯೇ ಬಿಟ್ಟು, ರೆಗ್ಯುಲೇಟರನ್ನೂ ಮಾಸ್ಕನ್ನೂ ಮಾತ್ರ ತಂದು, ಮುರುಡೇಶ್ವರದಿಂದ ನೇತ್ರಾಣಿಗೆ ಹೊರಡುವ ದೋಣಿಯಲ್ಲಿ ಡೈವಿಂಗ್ ನಡೆಸುವವರೇ ಕೊಡುವ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಸುಲಭ. ಆ ಸಿಲಿಂಡರಿನ ಭುಜದ ಮೇಲಿನ ಪರೀಕ್ಷೆಯ ದಿನಾಂಕವನ್ನೂ ಓದಿ ನೋಡುವುದರಲ್ಲಿ ಸಂಕೋಚ ಬೇಕಿಲ್ಲ.